ಹೆಲ್ತ್ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಪಿಪಿಒ ಪ್ಲಾನ್‌ಗಳೆಲ್ಲ ಎಲ್ಲಿ ಹೋದ್ವು? ಟೆಕ್ಸಾಸ್‌ನೋರು ಯಾರಾದ್ರೂ ಹೇಳಿ

ಫ್ರಿಸ್ಕೋ_ಕಾಫಿಪುಡಿ · ಡಿಸೆಂಬರ್ 4, 2025

ನಮಸ್ಕಾರ ಎಲ್ರಿಗೂ. ಹನ್ನೆರಡು ವರ್ಷ ಕಾದು ಹೋದ ವರ್ಷ ಗ್ರೀನ್ ಕಾರ್ಡ್ ಕೈಗೆ ಬಂತು, ಇನ್ಮೇಲೆ ಯಾರ ಹಂಗೂ ಬೇಡ ಅಂತ ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡ್ತಿದೀನಿ. ಮನೇಲಿ ನಾಲ್ಕು ಜನ. ಹೆಂಡತಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲು ಊತದ ಕಾಯಿಲೆ) ಇದೆ, ಎಂಟು ವರ್ಷದಿಂದ ಒಬ್ರೇ ಡಾಕ್ಟರ್ ನೋಡ್ತಿದಾರೆ, ಎರಡು ವಾರಕ್ಕೊಂದು ಇಂಜೆಕ್ಷನ್. ಇಷ್ಟು ವರ್ಷ ಕಂಪನಿ ಕೊಟ್ಟ ಇನ್ಶೂರೆನ್ಸು ಪಿಪಿಒ, ಅಂದ್ರೆ ಅವರ ಪಟ್ಟೀಲಿ ಇಲ್ದಿದ್ರೂ, ಯಾರನ್ನೂ ಕೇಳ್ದೆ ಯಾವ ಡಾಕ್ಟರ್ ಹತ್ರ ಬೇಕಾದ್ರೂ ಹೋಗ್ತಿದ್ವಿ, ಕಾರ್ಡ್ ಮೇಲೆ ಏನ್ ಬರ್ದಿದೆ ಅಂತಾನೂ ನೋಡಿದೋನಲ್ಲ. ನಿನ್ನೆ ರಾತ್ರಿ ಮಕ್ಳು ಮಲಗಿದ್ಮೇಲೆ ಇನ್ಶೂರೆನ್ಸ್ ನಾವೇ ಕೊಳ್ಳೋ ಸರ್ಕಾರಿ ಮಾರ್ಕೆಟ್‌ಪ್ಲೇಸ್ ಹೆಲ್ತ್‌ಕೇರ್ ಡಾಟ್ ಗವ್‌ಗೆ ಹೋಗಿ ಜಿಪ್ ಕೋಡ್ ಹಾಕಿ ಪಿಪಿಒ ಹುಡುಕಿದ್ರೆ ಒಂದೂ ಇಲ್ಲ, ಬರೀ ಎಚ್‌ಎಂಒ, ಮಧ್ಯೆ ಮಧ್ಯೆ ಇಪಿಒ. ನಾನೇ ಏನೋ ತಪ್ಪು ಒತ್ತಿರ್ಬೇಕು ಅಂತ ಫೋನಲ್ಲೂ ನೋಡ್ದೆ, ಅದೇ ಕತೆ.

ಕೆಲಸ ಬಿಟ್ಮೇಲೂ ಕಂಪನಿ ಇನ್ಶೂರೆನ್ಸನ್ನೇ ನಮ್ಮ ದುಡ್ಡಲ್ಲಿ ಮುಂದುವರ್ಸೋ ಕೋಬ್ರಾಗೆ ತಿಂಗಳಿಗೆ 2,400 ಡಾಲರ್ ಅಂತ ಎಚ್‌ಆರ್ ಹೇಳಿದ್ರು. ಆ ಹೆಸರು ಸುಮ್ನೆ ಇಟ್ಟಿಲ್ಲ ಕಣ್ರಿ, ನಾಗರಹಾವು ಕಚ್ಚಿದಂಗೇ ಆಯ್ತು. ಮುಂದಿನ ವರ್ಷದ ಆದಾಯ ಎಲ್ಲಾ ಸೇರಿ 1,35,000 ಆಗ್ಬಹುದು. ಏನ್ ಮಾಡ್ಲಿ?

ಹಳೇ_ಹ್ಯೂಸ್ಟನ್

ತಮ್ಮಾ, ನಿನ್ನ ಕಂಪ್ಯೂಟರ್ ಸರಿಯಾಗೇ ಇದೆ, ಹೋಗಿರೋದು ಪಿಪಿಒನೇ. ಹೋಗಿ ಹತ್ತು ವರ್ಷ ಆಯ್ತು.

ಸ್ವಲ್ಪ ಹಿಂದಿಂದ ಹೇಳ್ತೀನಿ, ಪುರುಸೊತ್ತಿದ್ರೆ ಓದು. ಒಬಾಮಾ ಹೆಲ್ತ್ ಇನ್ಶೂರೆನ್ಸ್ ಕಾನೂನು 2010ರಲ್ಲಿ ಬಂತು, ಎಕ್ಸ್‌ಚೇಂಜ್‌ಗಳು, ಅಂದ್ರೆ ಇದೇ ಮಾರ್ಕೆಟ್‌ಪ್ಲೇಸ್, 2014ರ ಜನವರಿಯಿಂದ ಶುರುವಾದ್ವು. ಮೊದಮೊದಲು ಟೆಕ್ಸಾಸಲ್ಲೂ ಪಿಪಿಒ ಆರಾಮಾಗಿ ಸಿಗ್ತಿತ್ತು. ಆಮೇಲೆ 2015ರ ಬೇಸಿಗೇಲಿ ಇಲ್ಲಿನ ಇನ್ಶೂರೆನ್ಸ್ ಕಂಪನಿ ಬ್ಲೂ ಕ್ರಾಸ್ ಬ್ಲೂ ಶೀಲ್ಡ್, 2016ರಿಂದ ವೈಯಕ್ತಿಕ ಪಿಪಿಒ ಪ್ಲಾನ್ ಕೊಡಲ್ಲ ಅಂತ ಹೇಳ್ಬಿಡ್ತು. ಸುಮಾರು 3,67,000 ಜನ ಅದರಲ್ಲಿದ್ರು. ಕಾರಣ ಲೆಕ್ಕಾಚಾರ ಅಷ್ಟೇ: ಬಂದ ಪ್ರೀಮಿಯಂಗಿಂತ ಕ್ಲೇಮ್ ಕೊಟ್ಟಿದ್ದು ಎಷ್ಟೋ ಜಾಸ್ತಿ.

ಯಾಕೆ ಹಂಗಾಯ್ತು ಅಂದ್ರೆ, ಮುಂಚೆ ಇನ್ಶೂರೆನ್ಸ್ ಕಂಪನಿಯೋರು ಗಿರಾಕೀನ ಆರಿಸ್ಕೋತಿದ್ರು. ಶುಗರ್ ಇದ್ಯಾ, ಹೋಗಪ್ಪ. ಕ್ಯಾನ್ಸರ್ ಆಗಿತ್ತಾ, ಬೇಡಪ್ಪ. ಕಾನೂನು ಬಂದ್ಮೇಲೆ ಯಾರನ್ನೂ ಬೇಡ ಅನ್ನಂಗಿಲ್ಲ, ಕಾಯಿಲೆ ನೋಡಿ ರೇಟ್ ಏರ್ಸಂಗಿಲ್ಲ. ಗಿರಾಕೀನ ಆರಿಸೋಕೆ ಆಗಲ್ಲ ಅಂದ್ಮೇಲೆ ಡಾಕ್ಟರ್‌ನ ಆರಿಸೋಕೆ ಶುರು ಮಾಡಿದ್ರು. ದೊಡ್ಡ ನೆಟ್‌ವರ್ಕ್ (ಒಪ್ಪಂದ ಇರೋ ಡಾಕ್ಟರ್, ಆಸ್ಪತ್ರೆ ಪಟ್ಟಿ) ಇರೋ ಪ್ಲಾನ್ ಯಾರ್ ತಗೋತಾರೆ ಹೇಳು, ನಾಲ್ಕು ಸ್ಪೆಷಲಿಸ್ಟ್ ನೋಡ್ಬೇಕಾದೋರೇ ತಾನೆ, ನಿನ್ನಂಗೆ. ಗಟ್ಟಿಮುಟ್ಟಾಗಿರೋ ಹುಡುಗ್ರು ಯಾವ್ದು ಅಗ್ಗ ಅದು ತಗೋತಾರೆ. ಹಂಗಾಗಿ ಪಿಪಿಒ ಕೊಟ್ಟೋನ ಹತ್ರ ಕಾಯಿಲೆಯೋರೆಲ್ಲ ಸೇರ್ಕೊಂಡು ರೇಟ್ ಏರಿ, ಏರಿದ್ಕೆ ಇನ್ನಷ್ಟು ಆರೋಗ್ಯವಂತರು ಬಿಟ್ಟು, ಕೊನೆಗೆ ಅಂಗಡೀನೇ ಮುಚ್ಚಬೇಕಾಗುತ್ತೆ.

ಇನ್ನೊಂದು, ಪ್ಲಾನ್‌ಗಳಲ್ಲಿ ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ದರ್ಜೆ ಇವೆ, ಮೇಲೆ ಹೋದಷ್ಟೂ ಖರ್ಚಲ್ಲಿ ಕಂಪನಿ ಪಾಲು ಜಾಸ್ತಿ. ಪ್ರೀಮಿಯಂಗೆ ಸರ್ಕಾರ ಕೊಡೋ ಸಬ್ಸಿಡಿ ಲೆಕ್ಕ ಹಾಕೋದು ನಿಮ್ಮ ಕೌಂಟೀಲಿ (ಜಿಲ್ಲೆ) ಎರಡನೇ ಅತಿ ಅಗ್ಗದ ಸಿಲ್ವರ್ ಪ್ಲಾನ್ ರೇಟ್ ಹಿಡ್ಕೊಂಡು. ಹಂಗಾಗಿ ಎಲ್ರೂ ಅಗ್ಗದ ಸಿಲ್ವರ್ ಆಗೋಕೆ ಪೈಪೋಟಿ. ಅಗ್ಗ ಆಗ್ಬೇಕಂದ್ರೆ ಆಸ್ಪತ್ರೆ ಹತ್ರ ಚೌಕಾಸಿ ಮಾಡ್ಬೇಕು, ಚೌಕಾಸಿ ಮಾಡ್ಬೇಕಂದ್ರೆ "ನೀನು ಒಪ್ಪದಿದ್ರೆ ಪಕ್ಕದ್ದು ತಗೋತೀನಿ" ಅನ್ನೋ ಧೈರ್ಯ ಬೇಕು, ಅದು ಎಚ್‌ಎಂಒ, ಇಪಿಒಲಿ ಮಾತ್ರ ಆಗೋದು. ಬಡವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಡ್ ನಡೆಸ್ತಿದ್ದ ಸೆಂಟೀನ್, ಮೊಲಿನಾ ತರದೋರು ಇಲ್ಲಿ ಬಂದು ದೊಡ್ಡೋರಾಗಿದ್ದು ಹಂಗೇನೆ, ಅವರ ಹತ್ರ ಚಿಕ್ಕ ನೆಟ್‌ವರ್ಕ್ ಮೊದ್ಲೇ ತಯಾರಿತ್ತು.

ಫ್ರಿಸ್ಕೋ_ಕಾಫಿಪುಡಿ

ಅಣ್ಣ ಇದನ್ನ ಯಾರೂ ಹಿಂಗೆ ಬಿಡಿಸಿ ಹೇಳಿರ್ಲಿಲ್ಲ, ಥ್ಯಾಂಕ್ಸ್. ಆದ್ರೂ ಎಚ್‌ಎಂಒಗೂ ಇಪಿಒಗೂ ಏನ್ ವ್ಯತ್ಯಾಸ ಅಂತ ತಲೆಗೆ ಹೋಗ್ತಿಲ್ಲ.

ಫ್ರೀಮಾಂಟ್_ಪದ್ಮ

ಎಚ್‌ಎಂಒ ಅಂದ್ರೆ ಒಬ್ರು ಮನೆ ಡಾಕ್ಟರ್ ಇರ್ತಾರೆ, ಅವ್ರು ಚೀಟಿ ಕೊಟ್ರೆ ಸ್ಪೆಷಲಿಸ್ಟ್ ಹತ್ರ ಹೋಗ್ಬಹುದು. ಇಪಿಒ ಅಂದ್ರೆ ಚೀಟಿ ಬೇಡ, ಆದ್ರೆ ಪಟ್ಟೀಲಿರೋ ಡಾಕ್ಟರ್ ಹತ್ರಾನೇ ಹೋಗ್ಬೇಕು. ಪಟ್ಟಿ ಆಚೆ ಹೋದ್ರೆ ಎರಡರಲ್ಲೂ ಪೂರ್ತಿ ನಿಮ್ಮ ಜೇಬಿಂದಾನೇ, ಎಮರ್ಜೆನ್ಸಿ ಬಿಟ್ಟು. ಪಿಒಎಸ್ ಅಂತ ಒಂದು ಮಿಶ್ರತಳಿ ಇದೆ, ಚೀಟಿನೂ ಬೇಕು, ಆಚೆ ಹೋದ್ರೆ ಸ್ವಲ್ಪ ಕೊಡ್ತಾರೆ. ಅಪರೂಪ. ಇಷ್ಟು ಹೇಳಿದ್ಮೇಲೂ ಹೆಸರು ಮಾತ್ರ ನಂಬ್ಬೇಡಿ, ಚೀಟಿ ಕೇಳದ ಎಚ್‌ಎಂಒನೂ ಇವೆ, ಚೀಟಿ ಕೇಳೋ ಇಪಿಒನೂ ಇವೆ. ಪ್ಲಾನ್ ಡಾಕ್ಯುಮೆಂಟಲ್ಲಿ ರೆಫರಲ್ ಅನ್ನೋ ಸಾಲು ಹುಡುಕಿ ಓದಿ.

ಮತ್ತೆ ಎಚ್‌ಎಂಒ ಅಂದ ತಕ್ಷಣ ಮೂಗು ಮುರೀಬೇಡಿ ಪ್ಲೀಸ್. ನಾವು ಕವರ್ಡ್ ಕ್ಯಾಲಿಫೋರ್ನಿಯಾ (ನಮ್ಮ ರಾಜ್ಯದ ಎಕ್ಸ್‌ಚೇಂಜ್) ಮೂಲಕ ಆರು ವರ್ಷದಿಂದ ಕೈಸರ್‌ನಲ್ಲಿದೀವಿ, ಅದು ಎಚ್‌ಎಂಒನೇ. ಒಂದೇ ಬಿಲ್ಡಿಂಗಲ್ಲಿ ಡಾಕ್ಟರು, ಲ್ಯಾಬು, ಔಷಧಿ. ಮಗಳಿಗೆ ಆಸ್ತಮಾ, ಒಂದು ಸಲಾನೂ ಬಿಲ್ ವಿಷಯಕ್ಕೆ ಫೋನ್ ಮಾಡಿಲ್ಲ. ಇಲ್ಲಿ ಬ್ಲೂ ಶೀಲ್ಡ್‌ನೋರು ಈಗಲೂ ಪಿಪಿಒ ಮಾರ್ತಾರೆ, ಅಂದ್ರೆ ದೇಶದಲ್ಲೆಲ್ಲ ಸತ್ತೋಗಿಲ್ಲ. ನಾವೇ ಬೇಡ ಅಂತ ಬಿಟ್ವಿ.

ಹಳೇ_ಹ್ಯೂಸ್ಟನ್

ಪದ್ಮಮ್ಮ, ಕೈಸರ್ ಟೆಕ್ಸಾಸಲ್ಲಿಲ್ಲ ನೋಡಿ. ನಿಮ್ಮದು ತೋಟದ ಎಚ್‌ಎಂಒ, ನಮ್ಮದು ಬರೀ ಬೇಲಿ.

ಫ್ರೀಮಾಂಟ್_ಪದ್ಮ

ಹಹ್ಹ ಇದನ್ನ ನಮ್ಮನೆಯೋರಿಗೆ ಓದಿ ಹೇಳ್ದೆ.

ಆಸ್ಟಿನ್_ಅವರೆಕಾಳು

ಯಾರ್ ಹೇಳಿದ್ದು ಟೆಕ್ಸಾಸಲ್ಲಿ ಪಿಪಿಒ ಇಲ್ಲ ಅಂತ?? ನಂಗೆ ಹೋದ ವಾರ ಸಿಕ್ತು, ತಿಂಗಳಿಗೆ 480, ಇಡೀ ಫ್ಯಾಮಿಲಿಗೆ, ದೇಶದಲ್ಲಿ ಎಲ್ಲಿ ಬೇಕಾದ್ರೂ ಹೋಗ್ಬಹುದಂತೆ. ಆನ್‌ಲೈನಲ್ಲಿ ಒಂದು ಫಾರ್ಮ್ ತುಂಬ್ದೆ, ಹತ್ತೇ ನಿಮಿಷಕ್ಕೆ ಫೋನ್ ಬಂತು, ತುಂಬಾ ಚೆನ್ನಾಗಿ ಮಾತಾಡಿದ್ರು, ಇವತ್ತೇ ತಗೊಂಡ್ರೆ ಮಾತ್ರ ಈ ರೇಟು ಅಂದ್ರು. ಬೇಕಿದ್ರೆ ನಂಬರ್ ಕೊಡ್ತೀನಿ.

ಎಡಿಸನ್_ಮಾರಾಯ

ಇವತ್ತೇ ತಗೊಂಡ್ರೆ ಮಾತ್ರ ಈ ರೇಟು ಅಂತ ಹೇಳುದು ಸಂತೆಯಲ್ಲಿ ಸೀರೆ ಮಾರುವವರು ಮಾರಾಯ್ರೆ, ಇನ್ಶೂರೆನ್ಸ್‌ನವರು ಅಲ್ಲ. ಆ ಪೇಪರ್ ತೆಗೆದು ನೋಡಿ, "ಲಿಮಿಟೆಡ್ ಬೆನಿಫಿಟ್" ಅಥವಾ "ಫಿಕ್ಸೆಡ್ ಇಂಡೆಮ್ನಿಟಿ" ಅಂತ ಉಂಟಾ? ಅಂದ್ರೆ ಖರ್ಚು ಎಷ್ಟೇ ಆದ್ರೂ ಮೊದಲೇ ಬರೆದ ಮೊತ್ತ ಮಾತ್ರ ಕೊಡುದು. ನಿಮಗೆ ಬಿಪಿ ಉಂಟಾ, ಶುಗರ್ ಉಂಟಾ ಅಂತ ಫೋನಿನಲ್ಲಿ ಕೇಳಿದ್ರಾ? ಕೇಳಿದ್ರೆ ಅದು ಒಬಾಮಾ ಕಾನೂನಿನ ಪ್ಲಾನ್ ಅಲ್ಲವೇ ಅಲ್ಲ. ಆ ಕಾನೂನಿನ ಪ್ಲಾನಿಗೆ ವಯಸ್ಸು, ಊರು, ಸಿಗರೇಟು, ಇಷ್ಟೇ ಕೇಳಲಿಕ್ಕೆ ಇರುದು.

ಆಸ್ಟಿನ್_ಅವರೆಕಾಳು

ಕೇಳಿದ್ರು... ಇರಿ ನೋಡ್ತೀನಿ

ಆಸ್ಟಿನ್_ಅವರೆಕಾಳು

ಹದಿನೆಂಟನೇ ಪೇಜಲ್ಲಿದೆ. ಆಸ್ಪತ್ರೆಗೆ ಸೇರಿದ್ರೆ ದಿನಕ್ಕೆ 1,000 ಡಾಲರ್ ಕೊಡ್ತಾರಂತೆ. ಅಷ್ಟೇನಾ? ಸರ್ಜರಿಗೆ ಬೇರೆ ಒಂದು ಟೇಬಲ್ ಇದೆ. "ಮೊದಲಿನಿಂದ ಇರೋ ಕಾಯಿಲೆಗೆ ಹನ್ನೆರಡು ತಿಂಗಳು ಇಲ್ಲ" ಅಂತಾನೂ ಬರ್ದಿದೆ. ನನ್ನ ಹೆಂಡತಿ ಐದು ತಿಂಗಳ ಬಸುರಿ.

ಹಳೇ_ಹ್ಯೂಸ್ಟನ್

ಇವತ್ತೇ ಕ್ಯಾನ್ಸಲ್ ಮಾಡಪ್ಪ, ಬರವಣಿಗೇಲೇ ಕಳ್ಸು, ಬ್ಯಾಂಕಿಗೂ ಹೇಳು. ಓಪನ್ ಎನ್‌ರೋಲ್‌ಮೆಂಟ್, ಅಂದ್ರೆ ಎಕ್ಸ್‌ಚೇಂಜಲ್ಲಿ ಪ್ಲಾನ್ ಕೊಳ್ಳೋ ಅವಧಿ, ಜನವರಿ 15ರ ತನಕ ಇದೆ, ಡಿಸೆಂಬರ್ 15ರ ಒಳಗೆ ತಗೊಂಡ್ರೆ ಜನವರಿ 1ರಿಂದಾನೇ ಶುರು. ಮೆಟರ್ನಿಟಿ ಎಲ್ಲಾ ಎಕ್ಸ್‌ಚೇಂಜ್ ಪ್ಲಾನಲ್ಲೂ ಇರ್ಲೇಬೇಕು, ಬಸುರಿ ಅಂತ ಬೇಡ ಅನ್ನಂಗೂ ಇಲ್ಲ. ಗಾಬರಿ ಆಗ್ಬೇಡ, ಟೈಮಿದೆ. ಅವ್ರ ಹೆರಿಗೆ ಡಾಕ್ಟರ್ ಯಾವ ನೆಟ್‌ವರ್ಕಲ್ಲಿದಾರೆ ಅಂತ ಮೊದಲು ಕೇಳು.

ನೋಡಿ, ಪಿಪಿಒ ಅನ್ನೋ ಮೂರಕ್ಷರಕ್ಕೆ ನಮ್ಮೋರು ಹೆಂಗೆ ಬಾಯ್ಬಿಡ್ತಾರೆ ಅನ್ನೋದು ಆ ಕಾಲ್ ಸೆಂಟರ್‌ನೋರಿಗೆ ಚೆನ್ನಾಗಿ ಗೊತ್ತು.

ನೇಪರ್‌ವಿಲ್_ಗಿರ್ಮಿಟ್

ನಂದೊಂದು ಬ್ಯಾರೆ ತಲಿಬ್ಯಾನಿ ಐತ್ರಿ. ನಾ ಇನ್ನೂ ಎಚ್-1ಬಿ, ಸಣ್ಣ ಕನ್ಸಲ್ಟಿಂಗ್ ಕಂಪನಿ. ನನಗೊಬ್ಬವಂಗ ಆದ್ರ ಕಂಪನಿ ಇನ್ಶೂರೆನ್ಸ್ ಅಗ್ಗ, ಹೆಂಡ್ತಿ ಮಕ್ಕಳನ್ನ ಸೇರ್ಸಿದ್ರ ತಿಂಗಳಾ 1,600. ಮೊದಲ ಏನ್ ಇತ್ತಂದ್ರ, ನನ್ನೊಬ್ಬನ ರೇಟ್ ಕೈಗೆಟಕಂಗ ಇದ್ರ ಇಡೀ ಮನಿಗೆ ಸಬ್ಸಿಡಿ ಇಲ್ಲ ಅಂತಿದ್ರು. 2023ರಿಂದ ಅದನ್ನ ಸರಿ ಮಾಡಿ ಮನಿ ಮಂದಿ ರೇಟ್ ಬ್ಯಾರೆ ನೋಡಾಕತ್ರು. ಅವಾಗಿಂದ ನಾ ಕಂಪನಿದು, ಹೆಂಡ್ತಿ ಮತ್ತ ಇಬ್ರು ಮಕ್ಕಳು ಮಾರ್ಕೆಟ್‌ಪ್ಲೇಸಿಂದು. ಎಚ್‌ಎಂಒ. ಏನೂ ತೊಂದ್ರಿ ಇದ್ದಿಲ್ಲ. ಈಗ 2027ರಿಂದ ವೀಸಾದವರಿಗೆ ಸಬ್ಸಿಡಿ ಬಂದ್ ಅಂತ ಯಾರೋ ಅಂದ್ರು, ಖರೇನೇನ್ರಿ?

ಎಡಿಸನ್_ಮಾರಾಯ

ಹೌದು, ಸತ್ಯವೇ. ಈ ಜುಲೈ 4ಕ್ಕೆ ಸಹಿ ಆದ ಆ ದೊಡ್ಡ ಕಾನೂನಿನಲ್ಲಿ ಉಂಟು. 2027ರ ಜನವರಿಯಿಂದ ಸಬ್ಸಿಡಿ ಅಮೆರಿಕನ್ ಪ್ರಜೆಗಳಿಗೆ, ಗ್ರೀನ್ ಕಾರ್ಡಿನವರಿಗೆ, ಮತ್ತೆ ಬೆರಳೆಣಿಕೆಯ ಕೆಲವು ಗುಂಪುಗಳಿಗೆ ಮಾತ್ರ. ಎಚ್-1ಬಿ, ಎಚ್-4, ಎಲ್-1 ಎಲ್ಲ ಹೊರಗೆ. ಪ್ಲಾನ್ ತಗೊಳ್ಳಬಹುದು, ಪೂರ್ತಿ ರೇಟ್ ಕೊಟ್ಟು. ನಿಮ್ಮ ಮಕ್ಕಳು ಇಲ್ಲಿಯೇ ಹುಟ್ಟಿದವರಾ? ಹಾಗಾದ್ರೆ ಅವರಿಗೆ ಇರ್ತದೆ, ನಿಮ್ಮ ಹೆಂಡತಿಗೆ ಮಾತ್ರ ಹೋಗುದು.

ಟ್ಯಾಕ್ಸ್ ಕಟ್ಟುದು ಒಂದೇ ರೀತಿ, ಗ್ರೀನ್ ಕಾರ್ಡಿಗೆ ನಾವು ಭಾರತದವರು ಎಷ್ಟು ವರ್ಷ ಸಾಲಿನಲ್ಲಿ ನಿಲ್ಲುದು ಅಂತ ಇಲ್ಲಿ ಎಲ್ಲರಿಗೂ ಗೊತ್ತುಂಟು. ಹೇಳಿ ಏನು ಪ್ರಯೋಜನ.

ನೇಪರ್‌ವಿಲ್_ಗಿರ್ಮಿಟ್

ಒಬ್ಬ ಮಗ ಇಲ್ಲೇ ಹುಟ್ಯಾನ, ದೊಡ್ಡಾಕಿ ಹುಬ್ಬಳ್ಯಾಗ ಹುಟ್ಯಾಳ. ಒಂದ ಮನ್ಯಾಗ ತಮ್ಮಗ ಸಬ್ಸಿಡಿ, ಅಕ್ಕಗ ಇಲ್ಲ. ಇದನ್ನ ಆಕಿಗೆ ಹೆಂಗ ತಿಳಿಸ್ಬೇಕ್ರಿ.

ಸಿಯಾಟಲ್_ಸೌಮ್ಯ_ಟ್ಯಾಕ್ಸ್

ಮೂಲ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಫ್ರಿಸ್ಕೋ ಅವರ 1,35,000 ನೋಡಿ ನಂಗೆ ನಿದ್ದೆ ಬರ್ಲಿಲ್ಲ.

2021ರಿಂದ ಕೊಡ್ತಿದ್ದ ಹೆಚ್ಚುವರಿ ಸಬ್ಸಿಡಿ ಈ ಡಿಸೆಂಬರ್ 31ಕ್ಕೆ ಮುಗಿಯುತ್ತೆ. ಅಕ್ಟೋಬರ್, ನವೆಂಬರಲ್ಲಿ ಸರ್ಕಾರ 43 ದಿನ ಬಂದ್ ಆಗಿದ್ದೇ ಇದರ ಜಗಳಕ್ಕೆ, ಆದ್ರೂ ಇವತ್ತಿನವರೆಗೆ ಮುಂದುವರ್ಸಿಲ್ಲ. ಮುಂದುವರ್ಸದಿದ್ರೆ ಹಳೇ ಗೋಡೆ ವಾಪಸ್: ಬಡತನ ರೇಖೆಯ 400 ಪರ್ಸೆಂಟ್ ಒಳಗಿದ್ರೆ ಸಬ್ಸಿಡಿ, ಒಂದು ಡಾಲರ್ ಜಾಸ್ತಿ ಆದ್ರೂ ಸೊನ್ನೆ. ನಾಲ್ಕು ಜನದ ಮನೆಗೆ 2026ಕ್ಕೆ ಆ ಗೋಡೆ 1,28,600. ನೀವು 6,400 ಆಚೆ ನಿಂತಿದೀರ. ಇನ್ನೂ ಒಂದು, ಮುಂಚೆ ಸಬ್ಸಿಡಿ ಜಾಸ್ತಿ ತಗೊಂಡ್ಬಿಟ್ರೆ ವಾಪಸ್ ಕಟ್ಟೋಕೆ ಕೆಲವರಿಗೆ ಒಂದು ಮಿತಿ ಇತ್ತು, 2026ರ ಲೆಕ್ಕದಿಂದ ಆ ಮಿತಿನೂ ತೆಗೆದ್ರು.

ಈಗ ಖುಷಿ ವಿಷಯ. ಅವ್ರು ನೋಡೋದು ಟ್ಯಾಕ್ಸ್ ರಿಟರ್ನ್ ಆದಾಯ. ಅದೇ ಜುಲೈ ಕಾನೂನಲ್ಲಿ 2026ರಿಂದ ಎಕ್ಸ್‌ಚೇಂಜ್‌ನ ಎಲ್ಲಾ ಬ್ರಾಂಜ್ ಪ್ಲಾನಿಗೂ ಎಚ್‌ಎಸ್‌ಎ (ಚಿಕಿತ್ಸೆ ಖರ್ಚಿಗೆ ತೆರಿಗೆ ಇಲ್ದೆ ಉಳಿಸೋ) ಖಾತೆ ತೆಗೀಬಹುದು ಅಂತ ಮಾಡಿದ್ರು. ಫ್ಯಾಮಿಲಿಗೆ 2026ರ ಮಿತಿ 8,750. ಅದನ್ನ ಪೂರ್ತಿ ತುಂಬಿದ್ರೆ ನಿಮ್ಮ ಆದಾಯ 1,26,250, ಗೋಡೆ ಒಳಗೆ ಬಂದ್ರಿ. ಸ್ವಂತ ಬಿಸಿನೆಸ್ ಅಲ್ವಾ, ಸೋಲೋ 401ಕೆ ಅನ್ನೋ ನಿವೃತ್ತಿ ಖಾತೆ ಕೂಡ ತೆಗೀಬಹುದು, ಅದರಲ್ಲಿ ಇನ್ನೂ ಇಳೀಬಹುದು.

ಫ್ರಿಸ್ಕೋ_ಕಾಫಿಪುಡಿ

ಮೇಡಂ ನಿಮ್ಮ ಕೈಗೆ ನಮಸ್ಕಾರ. ಆದ್ರೆ ಬ್ರಾಂಜ್ ತಗೊಂಡ್ರೆ ಹೆಂಡತಿ ಇಂಜೆಕ್ಷನ್ ಗತಿ ಏನು? ಡಿಡಕ್ಟಿಬಲ್ (ಕಂಪನಿ ಕೊಡೋಕ್ಕೆ ಮುಂಚೆ ನಾವೇ ಕಟ್ಟೋದು) ಏಳೆಂಟು ಸಾವಿರ ತೋರಿಸ್ತಿದೆ, ಜನವರೀಲೇ ಖಾಲಿ.

ಸಿಯಾಟಲ್_ಸೌಮ್ಯ_ಟ್ಯಾಕ್ಸ್

ನಾಲ್ಕೂ ಜನ ಒಂದೇ ಪ್ಲಾನಲ್ಲಿ ಇರ್ಬೇಕು ಅಂತ ಯಾರು ಹೇಳಿದ್ದು? ಮನೆಯವ್ರಿಗೆ ಅವರ ಡಾಕ್ಟರ್ ಇರೋ ಗೋಲ್ಡ್, ನೀವು ಮತ್ತೆ ಮಕ್ಳು ಬ್ರಾಂಜ್. ಸಬ್ಸಿಡಿ ಹಂಚಿ ಹೋಗುತ್ತೆ. ನಿಮ್ಮ ಬ್ರಾಂಜಲ್ಲಿ ನಿಮ್ಮ ಜೊತೆ ಮಕ್ಕಳೂ ಇರೋದ್ರಿಂದ ಎಚ್‌ಎಸ್‌ಎ ಫ್ಯಾಮಿಲಿ ಮಿತಿನೇ ಸಿಗುತ್ತೆ. ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ ಗುಂಪು ಬೇರೆ ಮಾಡೋ ಬಟನ್ ಇದೆ, ಸ್ವಲ್ಪ ಹುಡುಕ್ಬೇಕು.

ಗೋಲ್ಡ್ ಅಂದಾಗ ಹೆದರ್ಬೇಡಿ, ಟೆಕ್ಸಾಸಲ್ಲಿ ಗೋಲ್ಡು ಸಿಲ್ವರ್‌ಗಿಂತ ಅಗ್ಗ ಇರೋದು ಎಷ್ಟೋ ಕಡೆ. ಬೆಂಗಳೂರಿನ ಅವೆನ್ಯೂ ರೋಡ್ ಚಿನ್ನದಂಗಡೀಲಿ ಹೋಗಿ ಹೇಳಿದ್ರೆ ನಗ್ತಾರೆ. 2017ರ ಅಕ್ಟೋಬರಲ್ಲಿ ಕಡಿಮೆ ಆದಾಯದೋರ ಡಿಡಕ್ಟಿಬಲ್ ಇಳಿಸೋಕೆ ಕಂಪನಿಗಳಿಗೆ ಕೊಡ್ತಿದ್ದ ದುಡ್ಡನ್ನ ಟ್ರಂಪ್ ಸರ್ಕಾರ ನಿಲ್ಲಿಸ್ತು, ಕಂಪನಿಗಳು ಆ ಖರ್ಚನ್ನ ಸಿಲ್ವರ್ ರೇಟಿಗೆ ಸೇರ್ಸಿದ್ವು. ಆಮೇಲೆ ಟೆಕ್ಸಾಸ್ 2021ರಲ್ಲಿ ಒಂದು ಕಾನೂನು ಮಾಡಿ ಅದನ್ನ ಇನ್ನೂ ಗಟ್ಟಿ ಮಾಡ್ತು. ಸಿಲ್ವರ್ ಏರಿದಷ್ಟೂ ಸಬ್ಸಿಡಿ ಏರುತ್ತೆ, ಅದೇ ಸಬ್ಸಿಡೀಲಿ ಗೋಲ್ಡ್ ಕೊಂಡ್ಕೊಳ್ಳಿ.

ಹಳೇ_ಹ್ಯೂಸ್ಟನ್

ಸೌಮ್ಯ ಅವ್ರು ಹೇಳಿದ್ದು ನೂರಕ್ಕೆ ನೂರು. ಆದ್ರೆ ತಮ್ಮಾ, ಬಣ್ಣ ಆರಿಸೋಕ್ಕಿಂತ ಮುಂಚೆ ಒಂದು ಫೋನ್ ಮಾಡು. ಇಲ್ಲಿ ತೊಂಬತ್ತು ಪರ್ಸೆಂಟ್ ಜನ ಎಡವೋದು ಇದರಲ್ಲೇ. ಡಾಕ್ಟರ್ ಆಫೀಸಿಗೆ ಫೋನ್ ಮಾಡಿ "ನೀವು ಬ್ಲೂ ಕ್ರಾಸ್ ತಗೋತೀರಾ" ಅಂತ ಕೇಳಿದ್ರೆ ರಿಸೆಪ್ಶನ್ ಹುಡುಗಿ "ಹೂಂ" ಅಂತಾಳೆ, ಅವಳ ತಲೇಲಿರೋದು ಆಫೀಸುಗಳ ಪಿಪಿಒ. ಎಕ್ಸ್‌ಚೇಂಜಲ್ಲಿ ಅದೇ ಬ್ಲೂ ಕ್ರಾಸ್‌ದೇ ಬ್ಲೂ ಅಡ್ವಾಂಟೇಜ್, ಮೈಬ್ಲೂ ಅಂತ ಬೇರೆ ಬೇರೆ ನೆಟ್‌ವರ್ಕ್. ಪ್ಲಾನಿನ ಪೂರ್ತಿ ಹೆಸರು ಓದಿ ಹೇಳು, ಡಾಕ್ಟರ್ ಹೆಸರು ಹೇಳು, ಯಾವ ಊರಿನ ಕ್ಲಿನಿಕ್ ಅಂತ ಹೇಳು, 2026ಕ್ಕೆ ಅಂತ ಹೇಳು. ಆಮೇಲೆ ಬಿಲ್ಲಿಂಗ್‌ನೋರಿಗೇ ಕೊಡಿ ಅನ್ನು.

ಎಡಿಸನ್_ಮಾರಾಯ

ವೆಬ್‌ಸೈಟಿನ ಡಾಕ್ಟರ್ ಪಟ್ಟಿ ನಂಬುದು ಬೇಡ, ಅದು ನನ್ನ ಅನುಭವ. ನಮ್ಮ ಅಮ್ಮ ಅಪ್ಪ ಗ್ರೀನ್ ಕಾರ್ಡಿನಲ್ಲಿ ಬಂದದ್ದು, ಇಬ್ರಿಗೂ 65 ದಾಟಿದೆ, ಐದು ವರ್ಷ ಆಗುವ ತನಕ ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಇನ್ಶೂರೆನ್ಸ್) ಇಲ್ಲ, ಹಾಗಾಗಿ ಎಕ್ಸ್‌ಚೇಂಜಿನ ಪ್ಲಾನೇ ಗತಿ. ನ್ಯೂಜೆರ್ಸಿಯಲ್ಲಿ ನಮಗೆ ಸಿಕ್ಕಿದ್ದು ಇಪಿಒ. ಅಪ್ಪನ ಹೃದಯದ ಡಾಕ್ಟರ್ ಹುಡುಕ್ಲಿಕ್ಕೆ ಪಟ್ಟಿಯ ಹನ್ನೊಂದು ಜನಕ್ಕೆ ಫೋನ್ ಮಾಡಿದೆ. ಇಬ್ರು ರಿಟೈರ್, ಒಬ್ರು ಫ್ಲೋರಿಡಾಕ್ಕೆ ಹೋಗಿದ್ದಾರೆ, ನಾಲ್ಕು ಜನ "ನಾವು ಆ ಪ್ಲಾನ್ ತಗೊಳ್ಳುದೇ ಇಲ್ಲ" ಅಂದ್ರು, ಒಂದು ನಂಬರು ಹಲ್ಲಿನ ಡಾಕ್ಟರದ್ದು. ಕಡೆಗೆ ಸಿಕ್ಕಿದವರು ಒಳ್ಳೆಯವರೇ, ಆದ್ರೆ ಅಪ್ಪ ಹೇಳುದು "ಮಂಗಳೂರಿನಲ್ಲಾದ್ರೆ ಸಂಜೆ ಅವರ ಮನೆಗೇ ಹೋಗ್ತಿದ್ದೆ" ಅಂತ.

ಮತ್ತೆ ಎಚ್‌ಎಸ್‌ಎ ಬಗ್ಗೆ ಒಂದು, ಕ್ಯಾಲಿಫೋರ್ನಿಯಾ ಮತ್ತು ನಮ್ಮ ನ್ಯೂಜೆರ್ಸಿಯಲ್ಲಿ ರಾಜ್ಯದ ಟ್ಯಾಕ್ಸಿಗೆ ಅದರ ರಿಯಾಯಿತಿ ಇಲ್ಲ. ಟೆಕ್ಸಾಸಿನವರಿಗೆ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಪುಣ್ಯವಂತರು.

ಫ್ರೀಮಾಂಟ್_ಪದ್ಮ

ಇಂಜೆಕ್ಷನ್ ವಿಷಯ ಮರೀಬೇಡಿ. ಪ್ಲಾನ್ ಬದಲಾದ್ರೆ ಪ್ರಯರ್ ಆಥರೈಸೇಷನ್ (ಔಷಧಿಗೆ ಕಂಪನಿ ಮುಂಚೆ ಕೊಡೋ ಒಪ್ಪಿಗೆ) ಮತ್ತೆ ಮೊದಲಿಂದ. ಎಷ್ಟೋ ಕಂಪನಿಗಳು ಈಗ ಒರಿಜಿನಲ್ ಬ್ರ್ಯಾಂಡ್ ಬಿಟ್ಟು ಅದೇ ತರ ಕೆಲಸ ಮಾಡೋ ಬಯೋಸಿಮಿಲರ್ ತಗೊಳ್ಳಿ ಅಂತಾರೆ. ಫಾರ್ಮ್ಯುಲರಿ, ಅಂದ್ರೆ ಪ್ಲಾನ್ ಒಪ್ಪೋ ಔಷಧಿಗಳ ಪಟ್ಟೀಲಿ, ಔಷಧಿ ಹೆಸರು ಹಾಕಿ ಯಾವ ಟಿಯರ್ (ಬೆಲೆ ದರ್ಜೆ) ಅಂತ ನೋಡಿ, ಡಿಸೆಂಬರಲ್ಲೇ ಎರಡು ಡೋಸ್ ಜಾಸ್ತಿ ಸಿಗುತ್ತಾ ಕೇಳಿ. ಜನವರಿ ಪೂರ್ತಿ ಫೋನ್ ಹಿಡ್ಕೊಂಡು ಕೂರೋಕೆ ರೆಡಿ ಇರಿ.

ನೇಪರ್‌ವಿಲ್_ಗಿರ್ಮಿಟ್

ಕೋಬ್ರಾ ಬಗ್ಗೆ ಒಂದ್ ಮಾತ್ರೀ. ನಮ್ಮ ಗೆಳ್ಯಾನ ಲೇಆಫ್ ಆದಾಗ ಕಲ್ತದ್ದು. ಕೋಬ್ರಾ ಬೇಕೋ ಬ್ಯಾಡೋ ಹೇಳಾಕ 60 ದಿನ ಟೈಮ್ ಇರ್ತೈತಿ, ಹೇಳಿದ್ರ ಹಿಂದಿನ ತಾರೀಖಿನಿಂದನ ಚಾಲೂ ಆಕ್ಕೈತಿ, ಆದ್ರ ಹಿಂದಿನ ತಿಂಗಳ ರೊಕ್ಕಾನೂ ಕಟ್ಟಬೇಕು. ಮತ್ತ ಒಂದ್ಸಲ ಹಿಡದು ಆಮ್ಯಾಲ ವರ್ಷದ ನಡುವ ತಾವಾಗೇ ಬಿಟ್ರ ಮಾರ್ಕೆಟ್‌ಪ್ಲೇಸ್ ಬಾಗ್ಲ ತಗಿಯಾಂಗಿಲ್ಲ, ಮುಂದಿನ ನವೆಂಬರ್ ತನಕ ಕಾಯ್ಬೇಕು. ಅವಂಗ ವೀಸಾದ್ದೂ 60 ದಿನ, ಕೋಬ್ರಾದ್ದೂ 60 ದಿನ, ಎರಡೂ ಕೂಡೇ ಎಣಸ್ಕೋತ ಕುಂತಿದ್ದ ಪಾಪ.

ಆಸ್ಟಿನ್_ಅವರೆಕಾಳು · ಡಿಸೆಂಬರ್ 9

ಅಪ್‌ಡೇಟ್. ಆ ಪ್ಲಾನ್ ಕ್ಯಾನ್ಸಲ್ ಆಯ್ತು, ಮೂರು ಜನ ಬೇರೆ ಬೇರೆಯೋರು ಫೋನ್ ಮಾಡಿ ಬೇಡ ಅನ್ಬೇಡಿ ಅಂದ್ರು, 99 ಡಾಲರ್ "ಎನ್‌ರೋಲ್‌ಮೆಂಟ್ ಫೀ" ಮಾತ್ರ ವಾಪಸ್ ಕೊಡಲ್ವಂತೆ, ಹೋಗ್ಲಿ. ಹೆರಿಗೆ ಡಾಕ್ಟರ್ ಆಫೀಸಲ್ಲಿ ಬಿಲ್ಲಿಂಗ್‌ನೋರನ್ನೇ ಕೇಳಿ ಎಚ್‌ಎಂಒ ಗೋಲ್ಡ್ ತಗೊಂಡೆ. ಹಳೇ ಹ್ಯೂಸ್ಟನ್ ಅಣ್ಣ, ಮಗು ಹುಟ್ಟಿದ್ಮೇಲೆ ಸ್ವೀಟ್ ಕಳಿಸ್ತೀನಿ.

ಹಳೇ_ಹ್ಯೂಸ್ಟನ್

ಮೈಸೂರ್ ಪಾಕ್ ಆದ್ರೆ ಮೆತ್ತಗಿರೋದು ಬೇಡ, ಗಟ್ಟಿದು. ಮಗು ಹುಟ್ಟಿದ 60 ದಿನದೊಳಗೆ ಪ್ಲಾನಿಗೆ ಸೇರ್ಸೋದು ಮರೀಬೇಡ.

ಫ್ರಿಸ್ಕೋ_ಕಾಫಿಪುಡಿ · ಡಿಸೆಂಬರ್ 13

ನಂದೂ ಮುಗೀತು. ಹೆಂಡತಿ ಡಾಕ್ಟರ್ ಎರಡೇ ಎರಡು ಪ್ಲಾನಲ್ಲಿದಾರೆ, ಎರಡೂ ಎಚ್‌ಎಂಒ, ಅದರಲ್ಲಿ ಒಂದಕ್ಕೆ ಔಷಧಿ ಮೇಲಿನ ಟಿಯರ್, ಹಂಗಾಗಿ ಆರಿಸೋಕೆ ಏನೂ ಉಳೀಲಿಲ್ಲ, ಅವಳು ಗೋಲ್ಡ್, ನಾನು ಮಕ್ಳು ಬ್ರಾಂಜ್. ಆದಾಯ ಗೋಡೆ ಒಳಗೆ ಇಟ್ರೆ ಕೋಬ್ರಾಗಿಂತ ವರ್ಷಕ್ಕೆ ಹತ್ತು ಸಾವಿರದ ಮೇಲೆ ಉಳಿಯುತ್ತೆ. ಪ್ರೈಮರಿ ಕೇರ್ ಡಾಕ್ಟರ್ ಮಾತ್ರ ಹೊಸಬ್ರು, ಮ್ಯಾಕಿನಿಯಲ್ಲಿ, ಮೊದಲ ಅಪಾಯಿಂಟ್‌ಮೆಂಟ್ ಫೆಬ್ರವರಿ 11ಕ್ಕೆ ಕೊಟ್ಟಿದಾರೆ. ಅವ್ರು ಚೀಟಿ ಕೊಡೋ ತನಕ ರುಮಟಾಲಜಿಸ್ಟ್ ನೋಡಂಗಿಲ್ಲ, ಇಂಜೆಕ್ಷನ್ ಇರೋದು ಜನವರಿ 20ರ ತನಕ. ಈ ಮೂರು ವಾರ ಹೆಂಗೆ ದಾಟೋದು ಅಂತ ಯಾರಿಗಾದ್ರೂ ಗೊತ್ತಾ?

ಫ್ರೀಮಾಂಟ್_ಪದ್ಮ

ಫೆಬ್ರವರಿ ತನಕ ಕಾಯ್ಬೇಡಿ, ಕ್ಯಾನ್ಸಲೇಷನ್ ಲಿಸ್ಟಲ್ಲಿ ಹೆಸರು ಹಾಕ್ಸಿ, ವಿಡಿಯೋ ವಿಸಿಟ್ ಇದ್ಯಾ ಕೇಳಿ, ರೆಫರಲ್‌ಗೆ ಎಷ್ಟೋ ಕಡೆ ಅಷ್ಟೇ ಸಾಕು. ಜನವರಿ 2ಕ್ಕೆ ಪ್ಲಾನ್‌ನೋರಿಗೆ ಫೋನ್ ಮಾಡಿ "ಟ್ರಾನ್ಸಿಷನ್ ಫಿಲ್" ಅಂತ ಕೇಳಿ, ಹೊಸಬರಿಗೆ ಹಳೇ ಔಷಧಿ ಒಂದು ತಿಂಗಳು ಕೊಡೋ ವ್ಯವಸ್ಥೆ ಕೆಲವು ಪ್ಲಾನಲ್ಲಿದೆ. ಮಾತಾಡಿದೋರ ಹೆಸರು, ಟೈಮು ಬರ್ಕೊಳ್ಳಿ.

ಫ್ರಿಸ್ಕೋ_ಕಾಫಿಪುಡಿ

ಬರ್ಕೊಂಡೆ ಅಕ್ಕ. ಜನವರಿ 2 ಬೆಳಿಗ್ಗೆ ಎಂಟಕ್ಕೆ ಅಲಾರಂ ಇಟ್ಟೆ.